ಮುಂಗೈ ಮೇಲಿನ ಕೆಂಪು

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಕಳೆದ ತಿಂಗಳು ಕುರುಗೋಡಿನ ನಮ್ಮ ಮನೆಗೆ ಬಂದಿದ್ದಳು. ನರ್ಸಿಂಗ್ ಹೋಮಿನ ಸಿಬ್ಬಂದಿ ಮೇಲ್ವಿಚಾರಕಿಯ ಕೆಲಸವೆಂದರೆ ನಿಜವಾಗಿ ಏನು, ಕಡತದಲ್ಲಿ ಇಲ್ಲದ್ದನ್ನು ಹೇಳಿ ಮೇಡಂ ಎಂದು ಕೇಳಿದಳು. ಹೇಳಲು ಹೋದರೆ ಮಾತು ತಡವರಿಸಿತು. ಬರೆದರೆ ತಿದ್ದಲು ಅವಕಾಶವಿರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ತಂದೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲರಾಗಿದ್ದರು. ನಮ್ಮ ಮನೆತನದಲ್ಲಿ ಪದವಿಯ ಪ್ರಮಾಣಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿದವಳು ನಾನೇ ಮೊದಲು. ಬಿ.ಎಸ್ಸಿ. ಮುಗಿಸಿ, ಕುರುಗೋಡಿಗೆ ಸೊಸೆಯಾಗಿ ಬಂದು, ಅಲ್ಲಿಂದ ದಿನವೂ ಬಸ್ಸು ಹಿಡಿದು ಬಳ್ಳಾರಿಯ ಆ ನರ್ಸಿಂಗ್ ಹೋಮಿಗೆ ಹೋಗುತ್ತಿದ್ದೆ. ಕೆಳಗೆ ಹೊರರೋಗಿಗಳು, ಮೇಲಿನ ಎರಡು ಅಂತಸ್ತುಗಳಲ್ಲಿ ಪಾರ್ಶ್ವವಾಯು ಹೊಡೆದವರು, ಸೊಂಟ ಮುರಿದವರು, ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳದವರು. ಅವರನ್ನು ಮುಟ್ಟಿ ತೊಳೆದು ಉಣಿಸುವ ಆಯಾಗಳನ್ನು ಆಯ್ಕೆ ಮಾಡುವುದು, ತರಬೇತಿ ಕೊಡುವುದು, ಅವರ ಆರೋಗ್ಯ ತಪಾಸಣೆ ಮಾಡಿಸಿ ದಾಖಲೆ ಇಡುವುದು ನನ್ನ ಹೊಣೆಯಾಗಿತ್ತು. ಮನೆಯಲ್ಲಿ ‘ಐತಿ’ ಎನ್ನುತ್ತಿದ್ದ ನಾನು ಬಸ್ಸು ಇಳಿದ ಕೂಡಲೇ ‘ಇದೆ’ ಎನ್ನುತ್ತಿದ್ದೆ. ಎಲ್ಲಿಯಾದರೂ ತಪ್ಪು ನುಡಿದೇನೋ, ಹಮಾಲನ ಮಗಳು ಎಂದು ಯಾರಾದರೂ ಕಂಡುಹಿಡಿದಾರೋ ಎಂಬ ಅಳುಕು ಕೊನೆಯ ದಿನದವರೆಗೂ ಹೋಗಲಿಲ್ಲ.

ಈ ಬರಹದಲ್ಲಿ ಹುಲಿಗೆಮ್ಮ ಎಂಬ ಆಯಾಳ ಹೆಸರು ಮತ್ತೆ ಮತ್ತೆ ಬರುತ್ತದೆ. ಕರೂರಿನವಳು, ನನ್ನ ವಾರಿಗೆಯವಳು, ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವಳು. ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಇಲ್ಲವೆಂದು ಬರೆಯಬಹುದಿತ್ತು, ಬರೆದರೆ ಸುಳ್ಳಾಗುತ್ತದೆ.

ಮೊದಲು ನೇಮಕಾತಿಯ ವಿಷಯ. ನಾನು ಸೇರಿದ ಹೊಸದರಲ್ಲಿ ಅಭ್ಯರ್ಥಿಗಳು ಎದೆಯ ಎಕ್ಸ್‌ರೇಯನ್ನು ತಾವೇ ತೆಗೆಸಿಕೊಂಡು ಬರುವ ಪದ್ಧತಿಯಿತ್ತು. ಒಮ್ಮೆ ಸಿರಿಗೇರಿಯಿಂದ ಅಕ್ಕತಂಗಿಯರು ಮೂವರು ಬಂದರು. ಮೂವರ ಲಕೋಟೆಗಳನ್ನೂ ನಾನು ಪರಿಶೀಲಿಸಿದೆ. ಹೆಸರು, ವಯಸ್ಸು, ದಿನಾಂಕ ಎಲ್ಲವೂ ಕ್ರಮವಾಗಿದ್ದವು. ‘ದಾಖಲೆಗಳು ಸಮರ್ಪಕವಾಗಿವೆ’ ಎಂದು ಷರಾ ಬರೆದು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟೆ. ದೊಡ್ಡ ಡಾಕ್ಟರ್ ಎಂದರೆ ನಮ್ಮ ಮಾಲೀಕರು; ಸಿಬ್ಬಂದಿಯೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಹುಲಿಗೆಮ್ಮ ಆಗ ಕೋಣೆ ಗುಡಿಸುತ್ತಿದ್ದಳು. ಕಿಟಕಿಯ ಬೆಳಕಿಗೆ ಅವರು ಹಿಡಿದಿದ್ದ ಎಕ್ಸ್‌ರೇಯನ್ನು ಪೊರಕೆ ಹಿಡಿದುಕೊಂಡೇ ಓರೆಗಣ್ಣಿನಿಂದ ನೋಡಿ ಬಾಯಿ ಹಾಕಿದಳು.

“ಸಾರ್, ಇದು ಸಣ್ಣ ಹುಡುಗೀದೇನ್ರಿ?”

“ಹೌದು. ಯಾಕವ್ವ?”

“ಆ ಹುಡುಗಿಗಿ ಇನ್ನೂ ಮದುವಿ ಆಗಿಲ್ಲಂತ. ಎದಿ ಮ್ಯಾಲೆ ಪಿನ್ನಿಸು ಎಲ್ಲಿಂದ ಬಂದ್ವು? ಒಂದಲ್ಲ, ಮೂರು ಅದಾವ ನೋಡ್ರಿ. ತಾಳಿಗಿ ಪಿನ್ನಿಸು ಹಾಕ್ಕೊಳ್ಳೋರು ನಾವು ಗರತೇರು.”

ಡಾಕ್ಟರು ಉಳಿದ ಎರಡು ಫಿಲ್ಮುಗಳನ್ನೂ ಎತ್ತಿ ಹಿಡಿದರು. ಮೂರರಲ್ಲೂ ಅವೇ ಮೂರು ಪಿನ್ನಿಸುಗಳು, ಅದೇ ಓರೆಯಲ್ಲಿ. ಹಿರಿಯಕ್ಕನ ಎದೆಯನ್ನೇ ಮೂವರೂ ಹಂಚಿಕೊಂಡು ಬಂದಿದ್ದರು. ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಏನ್ ಮೇಡಂ, ನೀವು ಬರೀ ಹೆಸರು ಓದ್ತೀರಿ, ಎದಿ ನೋಡೋದಿಲ್ಲೇನು?” ಎಂದರು. ಅಂದಿನಿಂದ ಎಕ್ಸ್‌ರೇ ನಮ್ಮ ಎದುರಿಗೇ ಆಗಬೇಕು, ತಾಳಿ ತೆಗೆಯಲು ಒಪ್ಪದವರು ಅದನ್ನು ಬೆನ್ನ ಮೇಲೆ ಹಾಕಿಕೊಳ್ಳದೆ ಭುಜದ ಮೇಲಕ್ಕೆ ಎತ್ತಿ ಹಿಡಿಯಬೇಕು ಎಂಬ ನಿಯಮವಾಯಿತು. ನಿಯಮವನ್ನು ಅಚ್ಚುಕಟ್ಟಾಗಿ ಬರೆದು ಅಂಟಿಸಿದವಳು ನಾನು. ಅದನ್ನು ಎಲ್ಲರೂ ‘ಹುಲಿಗೆಮ್ಮನ ರೂಲು’ ಎಂದರು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ತರಬೇತಿಗೆ ನಾನು ಮಾಡಿಕೊಂಡಿದ್ದ ಸಿದ್ಧತೆಯನ್ನೂ ಹೇಳಬೇಕು. ಹಾಸಿಗೆ ಹುಣ್ಣಿನ ಬಗ್ಗೆ ಐದು ಪುಟಗಳ ಟಿಪ್ಪಣಿ ಬರೆದಿದ್ದೆ. ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಸೊಂಟ ಮತ್ತು ಹಿಮ್ಮಡಿಗಳನ್ನು ಪರಿಶೀಲಿಸಬೇಕು, ಚರ್ಮ ಕೆಂಪಾಗಿದ್ದರೆ ಸಿಸ್ಟರಿಗೆ ತಿಳಿಸಬೇಕು. ಹುಡುಗಿಯರು ಕೈಕಟ್ಟಿ ಕೇಳುತ್ತಿದ್ದರು, ನಾನು ಕೇಳಿದ ಪ್ರಶ್ನೆಗೆ ಒಪ್ಪಿಸುತ್ತಿದ್ದರು. ಆಮೇಲೆ ವಾರ್ಡಿಗೆ ಹೋಗಿ ಹುಲಿಗೆಮ್ಮನ ಬೆನ್ನು ಹತ್ತುತ್ತಿದ್ದರು.

ಒಂದು ದಿನ ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಆಕೆ ಒಬ್ಬ ಮುದುಕನ ಸೊಂಟದ ಮೇಲೆ ಬೆರಳ ತುದಿಗಳನ್ನಿಟ್ಟು ಕಣ್ಣು ಮುಚ್ಚಿಕೊಂಡಿದ್ದಳು.

“ಕಣ್ಣಿಲೆ ನೋಡಬ್ಯಾಡ್ರೇ, ಕಣ್ಣು ಸುಳ್ಳು ಹೇಳತಾವು. ಮೇಡಂ ಕೆಂಪು ನೋಡ್ರಿ ಅಂತಾರ, ಖರೇನ. ಈ ಅಜ್ಜನಂಥ ಕರೀ ಮಂದಿ ಮೈಯಾಗ ಕೆಂಪು ಎಲ್ಲಿ ಕಾಣತೈತಿ? ಬೆರಳು ಇಡು. ಬಿಸಿ ಐತೇನು? ಸುತ್ತಲಿಗಿಂತ ಗಟ್ಟಿ ಐತೇನು? ಹಂಗಿದ್ರ ಒಳಗ ಸುರು ಆಗೇತಿ ಅಂತ ತಿಳಿ.”

“ಯಕ್ಕಾ, ನನಗೇನೂ ತಿಳಿವಲ್ದು.”

“ಮುಟ್ಟಾಕ ಹೇಸಿಗಿ ಪಟ್ರ ಎಲ್ಲಿಂದ ತಿಳೀತೈತಲೇ? ರೊಟ್ಟಿ ಹಿಟ್ಟು ಹದ ಆಗೇತೋ ಇಲ್ಲೋ ಹೆಂಗ ನೋಡ್ತಿ? ಹಿಟ್ಟಿಗಿ ಕನ್ನಡಕ ಹಾಕ್ಕೊಂಡು ನೋಡ್ತೀಯೇನು?”

ಹುಡುಗಿಯರು ನಕ್ಕರು. ಆ ಮುದುಕನೂ ನಕ್ಕ. ನನ್ನ ತರಗತಿಯಲ್ಲಿ ಒಮ್ಮೆಯೂ ಯಾರೂ ನಕ್ಕಿರಲಿಲ್ಲ. ಆಕೆ ಹೇಳಿದ್ದು ಸರಿಯೆಂದು ನನಗೆ ಗೊತ್ತಾಗಿತ್ತು. ಮರುದಿನ ನನ್ನ ಟಿಪ್ಪಣಿಗೆ ‘ಬಿಸಿ ಮತ್ತು ಗಡಸುತನವನ್ನೂ ಗಮನಿಸತಕ್ಕದ್ದು’ ಎಂಬ ಸಾಲನ್ನು ಸೇರಿಸಿದೆ. ಯಾರಿಂದ ಕಲಿತೆ ಎಂದು ಬರೆಯಲಿಲ್ಲ. ಮೂಲೆಯ ಹಾಸಿಗೆಯಲ್ಲಿದ್ದ ತೆಲುಗು ಮಾತಿನ ಅಜ್ಜಿಯೊಬ್ಬರಿಗೆ ನಾನೇ ಒಮ್ಮೆ ಗಂಜಿ ಕುಡಿಸಲು ಹೋದಾಗ ಅವರು ತುಟಿ ಬಿಗಿಹಿಡಿದು, “ಹುಲಿಗೆಮ್ಮನಿ ಪಿಲುವು” ಎಂದರು. ಹುಲಿಗೆಮ್ಮನನ್ನು ಕರೆ ಎಂದು. ಚಮಚವನ್ನು ಬಟ್ಟಲಲ್ಲಿಟ್ಟು ಕರೆದೆ.

ಇಷ್ಟೆಲ್ಲ ಸಹಿಸಿಕೊಂಡಿದ್ದೆ. ಸಿರುಗುಪ್ಪದಲ್ಲಿ ಶಾಖೆ ತೆರೆಯುವ ಮಾತು ಬಂದಾಗ ಸಹಿಸುವುದಾಗಲಿಲ್ಲ. ಅಲ್ಲಿಗೆ ಒಂಬತ್ತು ಮಂದಿ ಆಯಾಗಳನ್ನು ನಾನೇ ಆಯ್ಕೆ ಮಾಡಿದ್ದೆ. ನನ್ನ ತಂದೆ ಮೂಟೆ ಹೊತ್ತ ಊರಿನಲ್ಲಿ, ಗಿರಣಿಯ ಬೀದಿಯಲ್ಲಿ, ನಾನು ತರಬೇತುದಾರಳಾಗಿ ನಿಲ್ಲಬೇಕು ಎಂಬುದು ನನ್ನ ಬಯಕೆ. ಹೊಸ ಸೀರೆಯನ್ನೂ ತೆಗೆದಿಟ್ಟಿದ್ದೆ. ಡಾಕ್ಟರು ಕರೆದು ಹೇಳಿದರು: “ಮೇಡಂ, ಕಾಗದಪತ್ರ ನೀವು ನೋಡಿಕೊಳ್ಳಿ. ಕಲಿಸೋಕೆ ಹುಲಿಗೆಮ್ಮ ಅಲ್ಲೇ ಇರ್ಲಿ, ಹಿರಿಯ ಆಯಾ ಅಂತ. ಅವಳ ಊರೂ ಹತ್ತಿರ ಆಗುತ್ತೆ. ಈ ವರ್ಷದ ತಪಾಸಣೆ ಮುಗಿಸಿ ಕಳಿಸಿಬಿಡಿ.”

ತಪಾಸಣೆಯ ಕ್ರಮ ಹೀಗಿತ್ತು. ಸೇರುವಾಗ ಎದೆಯ ಎಕ್ಸ್‌ರೇ, ಕಾಮಾಲೆ ಬಿ ಲಸಿಕೆಯ ಮೂರು ಚುಚ್ಚುಮದ್ದು, ಅಡುಗೆಯವರಿಗೆ ಮಲ ಪರೀಕ್ಷೆ. ಅನಂತರ ವರ್ಷಕ್ಕೊಮ್ಮೆ ಎಲ್ಲರಿಗೂ, ನನಗೂ ಸೇರಿ, ಮಾಂಟೂ ಪರೀಕ್ಷೆ. ಕ್ಷಯದ ಸೋಂಕು ಒಳಗಿದೆಯೇ ಎಂದು ತಿಳಿಯಲು ಮುಂಗೈಯ ಚರ್ಮದಡಿಗೆ ಒಂದು ಹನಿ ಮದ್ದು ಚುಚ್ಚಿ, ಮೂರನೆಯ ದಿನ ಅಲ್ಲಿ ಎಷ್ಟು ಬಂದಿದೆ ಎಂದು ಅಳೆಯುವುದು. ಬಂದವರಿಗೆಲ್ಲ ರೋಗವಿದೆ ಎಂದಲ್ಲ. ಮುಂದಿನ ಪರೀಕ್ಷೆ ಬೇಕು ಎಂದಷ್ಟೇ. ‘ಹತ್ತು ಮಿ.ಮೀ. ಮೀರಿದ್ದಲ್ಲಿ ಎಕ್ಸ್‌ರೇ ಹಾಗೂ ಕಫ ಪರೀಕ್ಷೆ. ವರದಿ ಬರುವವರೆಗೆ ವಾರ್ಡಿಗೆ ಪ್ರವೇಶವಿಲ್ಲ’ ಎಂದು ನಾನೇ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದೆ. ಪ್ರತಿ ವರ್ಷ ಅಳೆಯುತ್ತಿದ್ದವರು ಹಿರಿಯ ಸಿಸ್ಟರ್. ಆ ವರ್ಷ ಅವರು ಚುಚ್ಚಿದ ಮರುದಿನವೇ ಮಗಳ ಬಾಣಂತನಕ್ಕೆ ರಜೆ ಹೋದರು. ನಾನು ಅಳೆಯುತ್ತೇನೆ ಎಂದೆ. ಅಳೆಯಬೇಕಾದದ್ದು ಏನನ್ನು ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ, ವಿಜ್ಞಾನ ಓದಿದವಳಿಗೆ ಇಷ್ಟೂ ತಿಳಿಯದೇ ಎಂದಾರು ಎಂಬ ಭಯ. ಇಷ್ಟು ವರ್ಷ ಪಕ್ಕದಲ್ಲಿ ಕುಳಿತು ಅಂಕಿ ಬರೆದುಕೊಂಡಿದ್ದೆನೇ ಹೊರತು ಸಿಸ್ಟರ್ ಕೈಯನ್ನು ನೋಡಿರಲಿಲ್ಲ.

ಗುರುವಾರ ಎಲ್ಲರೂ ಸಾಲಾಗಿ ಬಂದರು. ಹುಲಿಗೆಮ್ಮನದು ತಿಳಿಬಣ್ಣದ ಮೈ. ಮುಂಗೈ ಮೇಲೆ ವೀಳ್ಯದೆಲೆಯ ತುಂಡಿನಷ್ಟಗಲ ಕೆಂಪು ಹರಡಿತ್ತು. ಪಾರದರ್ಶಕ ಅಳತೆಪಟ್ಟಿ ಇಟ್ಟೆ. ಹದಿನೆಂಟು.

“ಮೇಡಂ, ರಾತ್ರಿ ಕೆರಕೊಂಡೀನ್ರಿ, ಅದಕ ಕೆಂಪಾಗೇತಿ. ಒಂದೀಟು ಮುಟ್ಟಿ ನೋಡ್ರಿ. ಮೆತ್ತಗ ಐತಿ.”

“ಮುಟ್ಟುವ ಅಗತ್ಯವಿಲ್ಲ. ಅಳತೆ ಸ್ಪಷ್ಟವಾಗಿದೆ.”

ಹದಿನೆಂಟು ಎಂದು ಬರೆದೆ. ಒಳಗೆ ತಂಪಾದಂತಾಯಿತು. ಇದನ್ನು ಈ ವೃತ್ತಿಗೆ ಬರುವವರು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ: ನನಗೆ ಬೇಕಾಗಿದ್ದ ಅಂಕಿಯೇ ಬಂದಿತ್ತು, ಆದ್ದರಿಂದ ಎರಡನೆಯ ಸಲ ನೋಡಲಿಲ್ಲ. ಕೊನೆಗೆ ನನ್ನ ಮುಂಗೈ ನೋಡಿಕೊಂಡೆ. ಕಪ್ಪು ಮೈ, ಕೆಂಪು ಎಲ್ಲಿಯೂ ಇಲ್ಲ. ಸೊನ್ನೆ ಎಂದು ಬರೆದೆ. ಹುಲಿಗೆಮ್ಮ ಆಗ ಮೇಜಿನ ಆಚೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಅದೇ ದಿನ ಆಕೆಯ ಎಕ್ಸ್‌ರೇ ಆಯಿತು. ಕಫವನ್ನು ಸಿರುಗುಪ್ಪದಲ್ಲಿ ಕೊಡುವಂತೆ ಚೀಟಿ ಬರೆದುಕೊಟ್ಟೆ. ವಾರಗಟ್ಟಲೆ ಇರುತ್ತಿದ್ದ ಸಿಬ್ಬಂದಿ ಕೋಣೆಯಿಂದ ಸೀರೆಗಳ ಗಂಟು, ಬುತ್ತಿ ಡಬ್ಬಿ ಎತ್ತಿಕೊಂಡು ಆಕೆ ಕರೂರಿಗೆ ಹೋದಳು. ಶುಕ್ರವಾರ ನಾನು ಹೊಸ ಸೀರೆ ಉಟ್ಟು ಸಿರುಗುಪ್ಪಕ್ಕೆ ತರಬೇತುದಾರಳಾಗಿ ಹೋದೆ.

ಶನಿವಾರ ಬೆಳಿಗ್ಗೆ ತರಗತಿಯಲ್ಲಿ ಕರೂರಿನ ಈರಮ್ಮ ಎಂಬ ಹೊಸ ಹುಡುಗಿ ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದಳು: “ಹುಲಿಗೆಮ್ಮಕ್ಕಗ ಟೀಬಿ ಅಂತ. ಅವರತ್ತಿ ನೀರಿನ ಕೊಡ, ಲೋಟ ಬ್ಯಾರೆ ಮಾಡಿ ಅಂಗಳದಾಗ ಇಟ್ಟಾಳ. ಊರಿಗಿ ಬಂದಾಗೆಲ್ಲ ಬೆನ್ನು ಒತ್ತಿಸಿಕೊಳ್ಳಾಕಿ, ಈಗ ಮುಟ್ಟಿಸಿಕೊಳ್ಳೂದಿಲ್ಲಂತ.” ನಾನು ಕರಿಹಲಗೆ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಹೊಸಬರಿಗೆ ಗುರುವಾರ ಅವರೇ ಬಂದು ಮದ್ದು ಚುಚ್ಚಿ ಹೋಗಿದ್ದರು. ಅಳೆಯುವ ದಿನ ಅದು. ಈರಮ್ಮನ ಕೈ ಹಿಡಿದು, ಅಳತೆಪಟ್ಟಿ ಮುಟ್ಟದೆ, ಮೊದಲು ಬೆರಳ ತುದಿಯನ್ನು ಚರ್ಮದ ಮೇಲೆ ಆಡಿಸಿದರು. ಆಮೇಲೆ ಬಾಲ್‌ಪೆನ್ನನ್ನು ಎರಡೂ ಬದಿಯಿಂದ ಮೆಲ್ಲಗೆ ಎಳೆದುಕೊಂಡು ಬಂದು, ಅದು ತಡೆದು ನಿಂತಲ್ಲಿ ಗೆರೆ ಬಿಟ್ಟರು.

“ನೋಡ್ರಮ್ಮ, ಕೆಂಪು ಎಷ್ಟಾದರೂ ಇರ್ಲಿ, ಲೆಕ್ಕಕ್ಕಿಲ್ಲ. ಗಟ್ಟಿ ಎಷ್ಟಿದೆಯೋ ಅಷ್ಟೇ ಅಳೀಬೇಕು. ಇದು ಕೈಯಲ್ಲಿ ನೋಡೋ ಪರೀಕ್ಷೆ.” ನನ್ನತ್ತ ತಿರುಗಿದರು. “ಅಂದ ಹಾಗೆ ಮೇಡಂ, ಹುಲಿಗೆಮ್ಮಂದು ಹದಿನೆಂಟು ಅಂತ ಬರೆದಿದ್ದೀರಿ. ಮುಟ್ಟಿ ನೋಡಿದ್ರಿ ತಾನೇ?”

“ನೋಡಿದೆ ಸರ್.”

ಎರಡೇ ಪದಗಳು. ನನ್ನ ವೃತ್ತಿಜೀವನದಲ್ಲಿ ನಾನು ಬರೆದ ಯಾವ ತಪ್ಪು ಷರಾಕ್ಕಿಂತಲೂ ಅವು ಕೆಟ್ಟವು. ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದೆ. ಮೆಟ್ಟಿಲ ಕೆಳಗಿನ ಕಟ್ಟೆಯ ಮೇಲೆ ಹುಲಿಗೆಮ್ಮ ಕುಳಿತಿದ್ದಳು. ಮಡಿಲಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆ, ಕಫ ಪರೀಕ್ಷೆಯ ಚೀಟಿ. ಒಳಗೆ ಪ್ರವೇಶವಿಲ್ಲವೆಂಬ ನಿಯಮವನ್ನು ಆಕೆ ಓದದೆಯೂ ಪಾಲಿಸಿದ್ದಳು.

“ಏನೂ ಇಲ್ಲಂತ್ರಿ ಮೇಡಂ. ಎರಡೂ ಚಲೋ ಬಂದಾವು.”

ಸೆರಗಿನ ಮರೆಯಲ್ಲಿ ನನ್ನ ಎಡ ಮುಂಗೈಯನ್ನು ಒತ್ತಿಕೊಂಡೆ. ಚರ್ಮದಡಿಯಲ್ಲಿ ಏನೋ ಸಿಕ್ಕಂತಾಯಿತು. ಸಿಕ್ಕಿತೋ, ನನ್ನ ಭಯವೋ, ನಿರ್ಧರಿಸಲಾಗಲಿಲ್ಲ. ಬೇರೆ ಯಾರನ್ನು ಕೇಳಲಿ? ಆಕೆಯ ಪಕ್ಕದಲ್ಲಿ ಕುಳಿತು ಕೈ ಚಾಚಿದೆ. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತದ್ದು ಅದೇ ಮೊದಲು. ಆಕೆ ಕಣ್ಣು ಮುಚ್ಚಿ ಬೆರಳಿಟ್ಟಳು.

“ಗಟ್ಟಿ ಐತ್ರಿ. ಹುಣಸೀ ಬೀಜದಷ್ಟು ಐತಿ, ಅದಕಿಂತ ಒಂದೀಟು ದೊಡ್ಡದ.” ಕಣ್ಣು ತೆರೆದಳು. “ಗುರುವಾರನ ಉಬ್ಬಿತ್ತು. ನಾ ನೋಡೀನಿ.”

“ಮತ್ತ್ಯಾಕ ಹೇಳಲಿಲ್ಲವಾ?” ನನ್ನ ಬಾಯಿಂದ ಮನೆಯ ಮಾತು ಬಂದುಬಿಟ್ಟಿತು.

“ಹೇಳಿದ್ರ ಏನಂತಿದ್ರಿ? ನನ್ನ ಹೆಸರು ಬರದಾರಂತ ಸಿಟ್ಟಿಲೆ ಹೇಳ್ಯಾಳ ಅಂತಿದ್ರಿ. ನೀವು ನನ್ನ ಮಾತು ಎಂದರ ಕೇಳೀರೇನು?”

ಒಳಗೆ ನನ್ನ ಪಾಠ ಅರ್ಧಕ್ಕೆ ನಿಂತಿತ್ತು. ಕರಿಹಲಗೆಯ ಮೇಲೆ ನನ್ನ ದುಂಡು ಅಕ್ಷರಗಳಿದ್ದವು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹುಲಿಗೆಮ್ಮನ ವರದಿ ಚೆನ್ನಾಗಿ ಬಂದಿದೆ ಎಂದು ಬರೆದು, ಹದಿನೆಂಟನ್ನು ಹಾಗೆಯೇ ಬಿಟ್ಟು, ಆಕೆಯನ್ನು ಬಳ್ಳಾರಿಗೆ ಕಳಿಸಬಹುದಿತ್ತು. ಆದರೆ ಆ ಒಳಗಿನ ಒಂಬತ್ತು ಮಂದಿ ನಾಳೆ ಮುದುಕರ ಬಾಯಿಗೆ ಅನ್ನವಿಡುವವರು. ಅವರ ಮುಂದೆ ಒಳಗೆ ಕ್ಷಯವಿದೆಯೋ ಇಲ್ಲವೋ ಗೊತ್ತಿಲ್ಲದ ಎದೆಯನ್ನು ಹೊತ್ತು ನಾನು ನಿಲ್ಲಬೇಕಿತ್ತು. ಒಳಗೆ ಹೋಗಿ ಡಾಕ್ಟರ ಮುಂದೆ ಕೈ ಚಾಚಿದೆ.

“ಸರ್, ನನ್ನದನ್ನೂ ನೋಡಬೇಕು. ಸೊನ್ನೆ ಎಂದು ಬರೆದಿದ್ದೇನೆ, ಅದು ತಪ್ಪು. ಹುಲಿಗೆಮ್ಮನ ಕೈಯನ್ನು ನಾನು ಮುಟ್ಟಲಿಲ್ಲ. ಈಗ ಹೇಳಿದ್ದು ಸುಳ್ಳು.”

ಡಾಕ್ಟರು ಬೆರಳಿಟ್ಟು, ಪೆನ್ನೆಳೆದು, ಹದಿನಾಲ್ಕು ಎಂದರು. ಬೈಯಲಿಲ್ಲ. “ನೀವೇ ಬರೆದ ರೂಲು ಕಪಾಟಿನ ಮೇಲಿದೆ ಮೇಡಂ” ಎಂದಷ್ಟೇ ಹೇಳಿದರು. ನಾನು ಚೀಲ ಎತ್ತಿಕೊಂಡು ಹೊರಬಂದೆ. ಹುಲಿಗೆಮ್ಮ ಒಳಗೆ ಹೋದಳು. ಬಾಗಿಲಲ್ಲಿ ನಾವಿಬ್ಬರೂ ಎದುರಾದಾಗ ದಾರಿ ಬಿಟ್ಟವಳು ನಾನು. ಬಸ್ಸಿಗೆ ಕಾಯುತ್ತಿದ್ದಾಗ ಆ ಕಿಟಕಿಯಿಂದ ನಗು ಕೇಳಿಸಿತು. ನನ್ನ ಎದೆಯಲ್ಲಿ ಏನಿದೆಯೋ ಎಂದು ಹೆದರಬೇಕಾದ ಹೊತ್ತಿನಲ್ಲೂ, ಆ ನಗು ನನ್ನ ತರಗತಿಯದಲ್ಲವಲ್ಲ ಎಂದೇ ಉರಿಯಿತು.

ನನ್ನ ಎಕ್ಸ್‌ರೇಯಲ್ಲಿ, ಕಫದಲ್ಲಿ ಏನೂ ಕಾಣಲಿಲ್ಲ. ಮರಳಿ ಕೆಲಸಕ್ಕೆ ಬಂದ ದಿನ ದಾಖಲೆ ಪುಸ್ತಕದಲ್ಲಿ ಹೊಸ ಅಂಕಣ ಎಳೆದೆ: ‘ಮುಟ್ಟಿ ನೋಡಿದವರ ಸಹಿ.’ ಹದಿನೆಂಟಕ್ಕೂ ಸೊನ್ನೆಗೂ ಅಡ್ಡಗೆರೆ ಹಾಕಿ, ತಪ್ಪು ಅಳತೆ ಎಂದು ಬರೆದು ನನ್ನ ಹೆಸರು ಹಾಕಿದೆ. ಇಷ್ಟು ಸಾಕೆಂದುಕೊಂಡಿದ್ದೆ. ಸಿರುಗುಪ್ಪದಲ್ಲಿ ಹುಲಿಗೆಮ್ಮನಿಗೆ ತೋರಿಸಿದಾಗ ಆಕೆ ಪುಸ್ತಕವನ್ನು ನೋಡಲೇ ಇಲ್ಲ.

“ಇದ್ರಾಗ ಹೊಡೆದು ಹಾಕಿದ್ರ ನಮ್ಮತ್ತಿಗಿ ಓದಾಕ ಬರತೈತೇನ್ರಿ? ಚಲೋ ಐತಿ ಅಂತ ನಾ ಹೇಳಿದ್ರ ನಂಬವಲ್ಲಳು. ಕೊಡ ಇನ್ನೂ ಅಂಗಳದಾಗ ಐತಿ. ಬರದಾಕಿ ನೀವು. ನೀವ ಬರ್ರಿ.”

ಭಾನುವಾರ ಕರೂರಿನ ಬಸ್ಸು ಹತ್ತಿದೆ. ಭತ್ತದ ಗದ್ದೆಗಳ ನಡುವೆ ಇಳಿದು, ದಾರಿ ಕೇಳಿಕೊಂಡು ಹೋದೆ. ಅಂಗಳದ ಮೂಲೆಯಲ್ಲಿ ಮಣ್ಣಿನ ಕೊಡ, ಅದರ ಮೇಲೆ ಬೋರಲು ಹಾಕಿದ ಸ್ಟೀಲಿನ ಲೋಟ. ಅತ್ತೆ ಕಟ್ಟೆಯ ಮೇಲೆ ಸೊಂಟ ಹಿಡಿದುಕೊಂಡು ಕುಳಿತಿದ್ದರು. ಅಕ್ಕಪಕ್ಕದ ಹೆಂಗಸರು ಮೂರು ನಾಲ್ಕು ಮಂದಿ ಬಂದು ನಿಂತರು.

“ಯಾರವಾ ಈಕಿ?”

“ನಮ್ಮ ಮೇಡಂ ರೀ ಅತ್ತಿ. ಡಿಗ್ರಿ ಓದ್ಯಾರ.”

“ಆ ಟೀಬಿ ಬರದಾಕಿ ಈಕೀನ ಏನು?”

“ನಾನೇ ಯಮ್ಮಾ,” ಎಂದೆ. “ತಪ್ಪು ಬರದೀನಿ. ನಿಮ್ಮ ಸೊಸಿಗಿ ಏನೂ ಇಲ್ಲ. ನನಗ ನೋಡಾಕ ಬಂದಿಲ್ಲ.”

ಮುದುಕಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ನಂಬಿದಂತೆ ಕಾಣಲಿಲ್ಲ. ನಾನು ಅಂಗಳದ ಮೂಲೆಗೆ ಹೋಗಿ, ಆ ಲೋಟದಿಂದಲೇ ಆ ಕೊಡದ ನೀರು ತೆಗೆದು, ಕಚ್ಚಿಕೊಂಡು ಕುಡಿದೆ. ಇನ್ನೊಂದು ಲೋಟ ತುಂಬಿಕೊಂಡು ಅದನ್ನೂ ಕುಡಿದೆ. ಯಾರೋ ಹೆಂಗಸು, “ಅಯ್ಯ, ಡಿಗ್ರಿ ಓದಿದಾಕಿಗಿ ಭಾಳ ನೀರಡಿಕಿ ಆಗಿತ್ತು ಬಿಡವಾ” ಎಂದಳು. ಎಲ್ಲರೂ ನಕ್ಕರು. ಹುಲಿಗೆಮ್ಮ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಒಯ್ದು ಉಳಿದ ಲೋಟಗಳ ಸಾಲಿನಲ್ಲಿಟ್ಟಳು. ಅತ್ತೆ ಬೇಡವೆನ್ನಲಿಲ್ಲ.

ಆಕೆ ಹೊರಗೆ ಬಂದಾಗ ನಾನು ಅಂಗಳದ ನಡುವೆ ನಿಂತೇ ಇದ್ದೆ, ಯಾರಾದರೂ ಒಂದು ಮಾತು ಆಡಿಯಾರೆಂದು ಕಾಯುತ್ತ. ಮುದುಕಿ ನನ್ನ ಕಡೆ ತಿರುಗಿಯೂ ನೋಡದೆ, “ಬಾ ಇಲ್ಲಿ, ಹತ್ತು ದಿನದಿಂದ ಜೀವ ಹೋಗೇತಿ” ಎನ್ನುತ್ತ ಸೆರಗು ಸರಿಸಿ, ಸೊಸೆಯ ಕೈಗೆ ಬೆನ್ನು ಕೊಟ್ಟು ಕುಳಿತರು.